ಪಿಕಪ್‌ಗೆ ಬೇರೆ ಹಿಂದಿನ ಆಕ್ಸಲ್, ಬೇರೆ ರೇಷಿಯೋ: ನನ್ನ ಅನುಭವ

29 ಇಂಚಿನ ಟೈರ್ ತೆಗೆದು 32 ಇಂಚಿನದು ಹಾಕಿದ ಮೇಲೆ ನನ್ನ ಪಿಕಪ್ ಎಳೆಯೋದೇ ಕಮ್ಮಿಯಾಯಿತು. ಲೋಡ್ ಹಾಕಿ ಏರು ಹತ್ತಿಸಿದರೆ ಟಾಪ್ ಗೇರಿನಲ್ಲಿ ಉಸಿರು ಕಟ್ಟುತ್ತಿತ್ತು. ಎಂಜಿನ್ ಸರಿಯಾಗೇ ಇತ್ತು. ಟೈರ್ ದೊಡ್ಡದಾದರೆ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಅಷ್ಟು ಎಳೆತ ಕಡಿಮೆಯಾಗುತ್ತದೆ.

ಹಳೇ ಆಕ್ಸಲ್‌ನಲ್ಲಿ ಕ್ರೌನ್‌ಗೆ (ಚಕ್ರಗಳನ್ನು ತಿರುಗಿಸುವ ದೊಡ್ಡ ಗೇರು) 41 ಹಲ್ಲು, ಪಿನಿಯನ್‌ಗೆ (ಆ ಕ್ರೌನ್ ತಿರುಗಿಸುವ ಚಿಕ್ಕ ಗೇರು) 12. ಅಂದರೆ ರೇಷಿಯೋ 3.42, ಚಕ್ರ ಒಂದು ಸುತ್ತಿಗೆ ಪಿನಿಯನ್ 3.42 ಸುತ್ತು. ಅದನ್ನು 32ರಿಂದ ಗುಣಿಸಿ 29ರಿಂದ ಭಾಗಿಸಿದರೆ 3.77 ಬರುತ್ತದೆ. ಹತ್ತಿರದ ಸೆಟ್ ಅಂದರೆ 3.73, ಅದು 41ಕ್ಕೆ 11. ಅದು ಹಾಕಿದರೆ ಮೊದಲಿನ ಎಳೆತ ವಾಪಸ್ ಬರುತ್ತದೆ, ಅಷ್ಟೇ. ನನಗೆ ಟ್ರೈಲರ್ ಎಳೆಯುವ ಕೆಲಸ ಇರೋದರಿಂದ 4.10 ಆರಿಸಿದೆ, 41ಕ್ಕೆ 10. ನನ್ನ ಗಾಡಿಯ ಟಾಪ್ ಗೇರಿನ ರೇಷಿಯೋ 0.75. ಗಂಟೆಗೆ 100 ಕಿ.ಮೀ. ವೇಗದಲ್ಲಿ ದೊಡ್ಡ ಟೈರಿನ ಮೇಲೆ 3.42ಕ್ಕೆ ಎಂಜಿನ್ ಸುಮಾರು 1670 ಆರ್‌ಪಿಎಂನಲ್ಲಿ ಓಡುತ್ತಿತ್ತು. 4.10ಕ್ಕೆ 2010ರ ಆಸುಪಾಸು. ಖಾಲಿ ಗಾಡಿಯಲ್ಲಿ ಹೈವೇ ಓಡಿಸುವವರಿಗೆ ಇದು ಬೇಡ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಭಾರ ಎಳೆಯುವವರಿಗೆ ಸರಿ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ರೇಷಿಯೋ ಹಾಕಲೇಬೇಕು, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಾಳಾಗುತ್ತದೆ. ನನ್ನದು ಬರೀ ಹಿಂದಿನ ಚಕ್ರದ ಗಾಡಿ.

ಹಳೇ ಆಕ್ಸಲ್‌ನ ಕ್ರೌನ್ ಚಿಕ್ಕದು. ಆ ಆಕ್ಸಲ್‌ಗೇ ಇನ್ನೂ ಸಣ್ಣ ಪಿನಿಯನ್ ಹಾಕಿ ಟ್ರೈಲರ್ ಎಳೆಯಲು ನನಗೆ ಧೈರ್ಯ ಬರಲಿಲ್ಲ. ಹಾಗಾಗಿ ದೊಡ್ಡ ಕ್ರೌನ್ ಇರುವ ಬೇರೆ ಗಾಡಿಯ ಆಕ್ಸಲ್ ಹುಡುಕಿದೆ. ತರುವ ಮುಂಚೆ ಟೇಪ್ ಹಿಡಿದು ಅಳೆದಿದ್ದು ಇಷ್ಟು: ಹಬ್ಬಿನಿಂದ ಹಬ್ಬಿಗೆ ಅಗಲ, ಸ್ಪ್ರಿಂಗ್ ಕೂರುವ ಜಾಗಗಳ ನಡುವಿನ ಅಂತರ, ವೀಲ್ ಬೋಲ್ಟ್‌ಗಳು ಕೂರುವ ವೃತ್ತದ ಅಳತೆ, ಪ್ರೊಪೆಲ್ಲರ್ ಶಾಫ್ಟ್ ಸೇರುವ ಯು-ಜಾಯಿಂಟ್ ಕ್ರಾಸಿನ ಸೈಜು. ರೇಷಿಯೋ ತಿಳಿಯಲು ಒಂದು ಕಡೆಯ ಹಬ್ ಅಲ್ಲಾಡದಂತೆ ಹಿಡಿಸಿ, ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಿದೆ. ಆಗ ಪಿನಿಯನ್ ಎಷ್ಟು ಸುತ್ತು ತಿರುಗುತ್ತದೋ ಅದೇ ರೇಷಿಯೋ. ಮೂರೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಬಂತು, ಅಂದರೆ 3.73. ಹಾಗಾಗಿ ಇದರೊಳಗೆ 4.10 ಸೆಟ್ ಹಾಕಬೇಕಿತ್ತು. ಹೀಗೆ ಸುತ್ತು ಎಣಿಸುವುದು ಓಪನ್ ಡಿಫರೆನ್ಷಿಯಲ್‌ಗೆ (ಎರಡೂ ಚಕ್ರ ಬೇರೆ ಬೇರೆಯಾಗಿ ತಿರುಗಲು ಬಿಡುವ, ಲಾಕ್ ಇಲ್ಲದ ಗೇರು) ಮಾತ್ರ ಸರಿಹೋಗುವ ಲೆಕ್ಕ.

ಇನ್ನೊಂದು ವಿಷಯ ಹಲವರು ನೋಡುವುದೇ ಇಲ್ಲ. ಕೆಲವು ಆಕ್ಸಲ್‌ಗಳಲ್ಲಿ ರೇಷಿಯೋ ಒಂದು ಮಿತಿ ದಾಟಿದರೆ ಕ್ರೌನ್ ಕೂರುವ ಕೇಜ್ ಕೂಡ ಬೇರೆ ಬೇಕು. ಡಾನಾ 44 ಅನ್ನುವ ಆಕ್ಸಲ್‌ನಲ್ಲಿ 3.73ರವರೆಗೆ ಒಂದು ಕೇಜ್, 3.92ರಿಂದ ಮೇಲಕ್ಕೆ ಇನ್ನೊಂದು. ಗೇರ್ ಸೆಟ್ ತರುವ ಮುಂಚೆ ಇದನ್ನು ವಿಚಾರಿಸಿ. ನಾನು ತಂದ ಆಕ್ಸಲ್‌ಗೆ ಆ ತೊಡಕು ಇರಲಿಲ್ಲ.

ಈಗ ಕೆಲಸದ ಕ್ರಮ. ಮೊದಲು ವೆಲ್ಡಿಂಗ್ ಮುಗಿಸಿ, ಗೇರು ಆಮೇಲೆ ಕೂರಿಸಿ. ಸ್ಪ್ರಿಂಗ್ ಕೂರುವ ಪ್ಯಾಡ್‌ಗಳನ್ನು ಹೌಸಿಂಗ್ ಟ್ಯೂಬ್‌ಗೆ ಬೆಸೆಯುವಾಗ ಬರುವ ಕಾವಿಗೆ ಟ್ಯೂಬ್ ಸೊಟ್ಟಗಾಗಬಹುದು, ಸೀಲ್ ಸುಡಬಹುದು. ಹಾಗಾಗಿ ಖಾಲಿ ಹೌಸಿಂಗನ್ನೇ ಗಾಡಿ ಕೆಳಗೆ ತಳ್ಳಿ, ಟ್ಯೂಬ್‌ಗಳನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಗಾಡಿಯ ಭಾರ ಸ್ಪ್ರಿಂಗ್ ಪಟ್ಟಿಗಳ ಮೇಲೆ ಬೀಳುವಂತೆ ಇಳಿಸಿದೆ. ಭಾರ ಬಿದ್ದಾಗ ಮಾತ್ರ ಪಿನಿಯನ್ ಕೋನ ಸರಿಯಾಗಿ ಸಿಗುತ್ತದೆ. ಎರಡೇ ಜಾಯಿಂಟ್ ಇರುವ ಪ್ರೊಪೆಲ್ಲರ್ ಶಾಫ್ಟ್ ಆದರೆ ಗೇರ್‌ಬಾಕ್ಸ್ ಶಾಫ್ಟಿಗೂ ಪಿನಿಯನ್‌ಗೂ ಒಂದೇ ಓರೆ ಇರಬೇಕು. ಆದರೆ ಎಳೆಯುವಾಗ ಪಟ್ಟಿ ಬಾಗಿ ಪಿನಿಯನ್ ಮೂತಿ ಮೇಲೇಳುತ್ತದೆ. ಅದಕ್ಕೆ ಒಂದೆರಡು ಡಿಗ್ರಿ ಕೆಳಗೇ ಇಟ್ಟು ಟ್ಯಾಕ್ (ಸದ್ಯಕ್ಕೆ ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿದೆ. ಆಮೇಲೆ ಹೊರಗೆ ತಂದು ಒಂದು ಪಕ್ಕ ಸ್ವಲ್ಪ, ಇನ್ನೊಂದು ಪಕ್ಕ ಸ್ವಲ್ಪ ಅಂತ ಬೆಸೆದು, ತಾನಾಗಿ ಆರಲು ಬಿಟ್ಟೆ.

ಗೇರ್ ಸೆಟ್ಟಿಂಗ್ ಹೊರಗೇ ಮಾಡಿದೆ. ಗಾಡಿ ಕೆಳಗೆ ಮಲಗಿ ಇದನ್ನು ಮಾಡುವುದು ಬಹಳ ಕಷ್ಟ. ಕೇಜ್ ಬಿಚ್ಚುವ ಮೊದಲು ಎರಡೂ ಬೇರಿಂಗ್ ಕ್ಯಾಪ್‌ಗಳಿಗೆ ಎಡ, ಬಲ ಅಂತ ಪಂಚ್ ಗುರುತು ಹಾಕಿ. ಅವು ಅದಲು ಬದಲಾಗುವ ಹಾಗೇ ಇಲ್ಲ. ಹಳೇ ಪಿನಿಯನ್ ಬೇರಿಂಗ್‌ನ ಒಳಭಾಗ ಸ್ವಲ್ಪ ಉಜ್ಜಿ, ಕೈಯಲ್ಲೇ ಹಾಕಿ ತೆಗೆಯುವಂತೆ ಮಾಡಿಕೊಂಡೆ. ಶಿಮ್ (ಪಿನಿಯನ್ ಎಷ್ಟು ಒಳಗಿರಬೇಕು ಅಂತ ಹೊಂದಿಸುವ ತೆಳು ಬಿಲ್ಲೆ) ಬದಲಿಸಿದಾಗೆಲ್ಲ ಪ್ರೆಸ್ ಹತ್ತಿರ ಓಡೋದು ತಪ್ಪುತ್ತದೆ.

ಆಮೇಲೆ ಮಾರ್ಕಿಂಗ್ ಪೇಸ್ಟ್, ಹಲ್ಲುಗಳು ಎಲ್ಲಿ ತಾಗುತ್ತವೆ ಅಂತ ನೋಡಲು. ಕ್ರೌನ್‌ನ ಕೆಲವು ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು, ಬಟ್ಟೆಯಿಂದ ಕ್ರೌನ್ ಒತ್ತಿ ಹಿಡಿದು ಪಿನಿಯನ್ ತಿರುಗಿಸಬೇಕು. ಬಿಗಿ ಇಲ್ಲದಿದ್ದರೆ ಗುರುತು ಸರಿಯಾಗಿ ಮೂಡಲ್ಲ. ನನಗೆ ಮೊದಲು ಗುರುತು ಹಲ್ಲಿನ ತುದಿಗೆ ಬಂತು. ಪಿನಿಯನ್ ಇನ್ನೂ ಒಳಗೆ ಹೋಗಬೇಕು ಅಂತ ಅರ್ಥ, ಶಿಮ್ ದಪ್ಪ ಹಾಕಬೇಕು. ಗುರುತು ಬುಡಕ್ಕೆ ಇಳಿದರೆ ತಿರುಗುಮುರುಗು. ತುದಿಗೂ ಬುಡಕ್ಕೂ ನಡುವೆ ಬರುವವರೆಗೆ ಶಿಮ್ ಬದಲಿಸುತ್ತಾ ಹೋದೆ, ಪ್ರತಿ ಸಲ ಪೇಸ್ಟ್ ಒರೆಸಿ ಹೊಸದಾಗಿ ಬಳಿದೆ. ಉದ್ದಕ್ಕೆ ಆಚೀಚೆ ಸ್ವಲ್ಪ ಇದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜಿನಲ್ಲಿ 0.15ರಿಂದ 0.25 ಮಿ.ಮೀ. ಒಳಗಿರಬೇಕು. ಕ್ರೌನ್ ಸುತ್ತ ಮೂರು ನಾಲ್ಕು ಕಡೆ ನೋಡಿ, ಒಂದೇ ಕಡೆ ಅಳೆದು ಬಿಡಬೇಡಿ. ಗೇಜಿನ ಸಂಖ್ಯೆ ಸರಿಯಿದ್ದೂ ಗುರುತು ಸರಿಯಿಲ್ಲದಿದ್ದರೆ ನಾನು ಗುರುತನ್ನೇ ನಂಬುತ್ತೇನೆ. ಹಲ್ಲು ಎಲ್ಲಿ ತಾಗುತ್ತದೆ ಅಂತ ತೋರಿಸುವುದು ಅದೇ.

ಗುರುತು ಒಪ್ಪಿದ ಮೇಲೆಯೇ ಹೊಸ ಬೇರಿಂಗ್ ಮತ್ತು ಕ್ರಶ್ ಸ್ಲೀವ್ (ಪಿನಿಯನ್ ಬೇರಿಂಗ್‌ಗಳ ಬಿಗಿ ಹೊಂದಿಸಲು ನಡುವೆ ಹಾಕುವ, ನಟ್ ಬಿಗಿಸಿದಂತೆ ಮಣಿಯುವ ಕೊಳವೆ). ಈ ಸ್ಲೀವ್ ಮಣಿಸಲು ಒಳ್ಳೇ ಬಲ ಬೇಕು. ಪಿನಿಯನ್ ತುದಿಯ ಫ್ಲಾಂಜ್‌ಗೆ ಉದ್ದ ಪಟ್ಟಿ ಬೋಲ್ಟ್ ಮಾಡಿ ಹಿಡಿಸಿ, ಹ್ಯಾಂಡಲ್‌ಗೆ ಪೈಪ್ ತೂರಿಸಿ ಎಳೆದೆ. ಮಣಿಯಲು ಶುರುವಾದ ಮೇಲೆ ನಟ್ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ನೋಡಬೇಕು. ಹೊಸ ಬೇರಿಂಗ್‌ಗೆ ಸಾಮಾನ್ಯವಾಗಿ 15ರಿಂದ 30 ಇಂಚು-ಪೌಂಡ್, ನಿಮ್ಮ ಆಕ್ಸಲ್‌ನ ಮ್ಯಾನುವಲ್ ಹೇಳಿದ್ದೇ ಕೊನೆ ಮಾತು. ಜಾಸ್ತಿ ಬಿಗಿಯಾದರೆ ನಟ್ ಸಡಿಲಿಸಿ ಉಪಯೋಗವಿಲ್ಲ, ಹೊಸ ಸ್ಲೀವ್ ಹಾಕಲೇಬೇಕು.

ಉಳಿದದ್ದು ಜೋಡಣೆ. ಯು-ಬೋಲ್ಟ್ ಹೊಸದೇ ಹಾಕಿ, ಒಮ್ಮೆ ಬಿಗಿಸಿದ್ದು ಎಳೆದುಹೋಗಿರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆ. ಬ್ರೇಕ್ ಪೈಪ್ ಹೊಸದು, ಹ್ಯಾಂಡ್ ಬ್ರೇಕ್ ಕೇಬಲ್ ಹೊಂದಿಸಿದ್ದು. ಸ್ಪೀಡೋಮೀಟರ್ ಕೂಡ ಹೊಸ ಟೈರ್, ಹೊಸ ರೇಷಿಯೋಗೆ ಸರಿ ಮಾಡಿಸಿದೆ.

ಹೊಸ ಗೇರು ಪಳಗುವಾಗ ತುಂಬಾ ಕಾವೇರುತ್ತದೆ. 25-30 ಕಿ.ಮೀ. ಹಗುರಾಗಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಿದೆ. 800 ಕಿ.ಮೀ. ಆಗುವವರೆಗೆ ಟ್ರೈಲರ್ ಕಟ್ಟಲಿಲ್ಲ. ಆಮೇಲೆ ಆಯಿಲ್ ಇಳಿಸಿ ಹೊಸ ಜಿಎಲ್-5 ದರ್ಜೆಯ ಗೇರ್ ಆಯಿಲ್ ತುಂಬಿದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆ ಬೂದು ಪುಡಿ ಅಂಟಿತ್ತು, ಅದು ಸಹಜ. ಚೂರು ಸಿಕ್ಕಿದ್ದರೆ ಕವರ್ ಬಿಚ್ಚಿ ಮತ್ತೆ ಗುರುತು ನೋಡುತ್ತಿದ್ದೆ. ಈಗ ಅದೇ ಏರನ್ನು ಟ್ರೈಲರ್ ಸಮೇತ ಟಾಪ್ ಗೇರಿನಲ್ಲೇ ಹತ್ತುತ್ತದೆ, ಹಿಂದಿನಿಂದ ಒಂಚೂರೂ ಗುಂಯ್ ಅನ್ನುವ ಸದ್ದಿಲ್ಲ.