ಸಂಜೆ ಹೊತ್ತಿಗೆ ಕಾಲು ಊದ್ಕೊಳ್ತಾ? ಬಾರ್ಲಿ-ಕೊತ್ತಂಬರಿ ನೀರು ಹೀಗೆ ಮಾಡಿ

ಮುಂಬೈ ಮಾಟುಂಗಾದ ಉಡುಪಿ ಹೋಟೆಲಲ್ಲಿ ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಕೌಂಟರಲ್ಲಿ ನಿಂತೇ ದುಡಿದೋರು, ರಾತ್ರಿ ಡೊಂಬಿವಲಿಗೆ ಬಂದಾಗ ಚಪ್ಪಲಿ ಪಟ್ಟಿ ಕಾಲಲ್ಲಿ ಒತ್ತಿ ಅಚ್ಚು ಮೂಡಿರೋದು. ಇಡೀ ದಿನ ನಿಂತೋ ಕೂತೋ ಕೆಲಸ ಮಾಡೋರಿಗೆ, ಉಪ್ಪು ಜಾಸ್ತಿ ತಿನ್ನೋರಿಗೆ, ಮುಟ್ಟಿನ ಮುಂಚೆ ಮೈ ಭಾರ ಆಗೋ ಹೆಣ್ಮಕ್ಕಳಿಗೆ ಹೀಗೆ ನೀರು ತುಂಬ್ಕೊಳ್ಳೋದು ಮಾಮೂಲು.

ಮೊದಲು ಒತ್ತಿ ನೋಡಿ. ಕಾಲಿನ ಹರಡಿನ ಮೇಲೆ, ಮೂಳೆ ಇರೋ ಕಡೆ ಹೆಬ್ಬೆರಳಿಂದ ಹತ್ತು ಸೆಕೆಂಡ್ ಒತ್ತಿ ಬಿಡಿ, ಗುಳಿ ಬಿದ್ದು ಹಾಗೇ ಉಳಿದ್ರೆ ನೀರು ನಿಂತಿದೆ ಅಂತ. ಒಂದೇ ಕಾಲು ಊದಿ ನೋಯ್ತಿದ್ರೆ, ಉಸಿರು ಕಟ್ಟಿದ್ರೆ, ಬೆಳಿಗ್ಗೆ ಎದ್ದಾಗ ಮುಖ ಊದಿದ್ರೆ, ಬಸುರಿಗೆ ಇದ್ದಕ್ಕಿದ್ದಂತೆ ಕೈ-ಮುಖ ಊದಿದ್ರೆ ಕಷಾಯ ಗಿಷಾಯ ಬೇಡ, ಅವತ್ತೇ ಡಾಕ್ಟರ್ ಹತ್ರ ಹೋಗಿ. ಚಿಕ್ಕಪ್ಪನಿಗೆ ಎರಡು ತಿಂಗಳು ಬಾರ್ಲಿ ನೀರು ಕುಡಿಸಿದ್ವಿ, ಏನೂ ಇಳೀಲಿಲ್ಲ, ಆಮೇಲೆ ಗೊತ್ತಾಯ್ತು ಅದು ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಯಿಂದ ಬಂದ ಊತ ಅಂತ, ಡಾಕ್ಟರು ಮಾತ್ರೆ ಬದಲಾಯಿಸಿದ್ಮೇಲೇ ಕಾಲು ಸರಿಹೋಯ್ತು. ಹಾಗಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ, ಕೇಳಿ.

ಇನ್ನು ಬಾರ್ಲಿ-ಕೊತ್ತಂಬರಿ ನೀರು ಮಾಡೋ ರೀತಿ. ಎರಡು ಚಮಚ ಇಡೀ ಬಾರ್ಲಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನಾಲ್ಕು ಗ್ಲಾಸ್ ನೀರಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಒಂದು ಚಮಚ ಕೊತ್ತಂಬರಿ ಬೀಜ (ಇಲ್ಲಿ ಅಂಗಡೀಲಿ ಧಣೆ ಅಂತ ಕೇಳಿ) ತರಿತರಿ ಕುಟ್ಟಿ ಹಾಕಿ, ಒಲೆ ಆರಿಸಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಿ. ನಿಂಬೆ ಹಿಂಡಿ, ಉಪ್ಪು ಮಾತ್ರ ಹಾಕ್ಬೇಡಿ, ಹಾಕಿದ್ರೆ ಮಾಡಿದ್ದೆಲ್ಲಾ ದಂಡ. ಬೆಳಿಗ್ಗೆ ಒಂದು ಗ್ಲಾಸ್, ಮಧ್ಯಾಹ್ನ ಒಂದು, ಸಂಜೆ ಮೇಲೆ ಬೇಡ, ಇಲ್ಲಾಂದ್ರೆ ರಾತ್ರಿಯೆಲ್ಲಾ ಏಳ್ತಿರ್ಬೇಕು. ಲೋಕಲ್ ರೈಲು ಹತ್ತೋ ಮುಂಚೇನೂ ಕುಡಿಬೇಡಿ, ಯಾಕೆ ಅಂತ ಮುಂಬೈನೋರಿಗೆ ಹೇಳೋದೇ ಬೇಡ.

ಮಳೆಗಾಲದಲ್ಲಿ ಇನ್ನೊಂದು ಸಿಗತ್ತೆ, ನಾವೆಲ್ಲಾ ಎಸೆದುಬಿಡೋದು. ಸ್ಟೇಷನ್ ಹೊರಗೆ ಭುಟ್ಟಾ ಸುಡೋರು ಸಿಪ್ಪೆ ಬಿಡಿಸಿ ರಾಶಿ ಹಾಕ್ತಾರಲ್ಲಾ, ಅದರಲ್ಲಿರೋ ಮೆಕ್ಕೆಜೋಳದ ಕೂದಲನ್ನ ಕೊರಿಯಾದಲ್ಲಿ ಒಣಗಿಸಿ ಚಹಾ ಮಾಡಿ ಕುಡಿತಾರೆ, ಚೀನಾದ ಹಳೇ ವೈದ್ಯದಲ್ಲೂ ಮೂತ್ರ ಚೆನ್ನಾಗಿ ಹೋಗ್ಲಿ ಅಂತ ಇದನ್ನೇ ಕೊಡ್ತಾರೆ. ಮನೆಗೆ ತಂದ ತಾಜಾ ತೆನೆಯದ್ದಾದ್ರೆ ಒಳ್ಳೇದು, ಎರಡು ತೆನೆಯ ಕೂದಲು ಚೆನ್ನಾಗಿ ತೊಳೆದು, ಕಪ್ಪಾದ ತುದಿ ಕಿತ್ತು, ಎರಡು ಗ್ಲಾಸ್ ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ತೆಳು ಸಿಹಿ ಇರತ್ತೆ, ನನಗಂತೂ ಬಾರ್ಲಿಗಿಂತ ಇದೇ ಇಷ್ಟ.

ಪುನರ್ನವ ಅನ್ನೋ ಗಿಡ, ನಮ್ಮ ಕಡೆ ಕೊಮ್ಮೆ ಅಂತೀವಿ, ಆಯುರ್ವೇದದಲ್ಲಿ ಅದಕ್ಕೆ ಶೋಥಘ್ನೀ ಅಂದ್ರೆ ಊತ ಕಳೆಯೋದು ಅಂತಾನೇ ಹೆಸರು. ಆದ್ರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ತೊಂದರೆ ಇರೋರು, ಬಿಪಿ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಮುಟ್ಬೇಡಿ, ರೈಲ್ವೆ ಹಳಿ ಪಕ್ಕ ಬೆಳೆದದ್ದನ್ನಂತೂ ಯಾರೂ ಕಿತ್ತು ತರ್ಬೇಡಿ. ಕೆಮ್ಮಿಗೆ ಅಂತ ಜೇಷ್ಠಮಧು ದಿನಾ ಅಗಿಯೋರು ಅದನ್ನ ಬಿಟ್ಟು ನೋಡಿ, ಅದು ಮೈಯಲ್ಲಿ ಉಪ್ಪು, ನೀರು ಎರಡನ್ನೂ ಹಿಡಿದಿಟ್ಟು ಬಿಪಿನೂ ಏರಿಸತ್ತೆ.

ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಂದ್ರೆ ಒಂದು ಟೀ ಚಮಚಕ್ಕೂ ಕಮ್ಮಿ. ಫರಸಾಣ (ಖಾರದ ಕುರುಕಲು), ಹಪ್ಪಳ, ಉಪ್ಪಿನಕಾಯಿ ಒಂದು ವಾರ ದೂರ ಇಡಿ, ರಾತ್ರಿ ಕಾಲ ಕೆಳಗೆ ಎರಡು ದಿಂಬು ಇಟ್ಟು ಅರ್ಧ ಗಂಟೆ ಮಲಗಿ, ಎಂಟನೇ ದಿನ ಸಂಜೆ ಅದೇ ಜಾಗದಲ್ಲಿ ಮತ್ತೆ ಒತ್ತಿ ನೋಡಿ. ಗುಳಿ ಅಷ್ಟೇ ಆಳ ಇದ್ರೆ ಡಾಕ್ಟರ್ ಹತ್ರ ಮೂತ್ರ, ರಕ್ತ ಪರೀಕ್ಷೆ ಮಾಡಿಸಿ.