ಕಾಫಿ ಕುಡಿದರೂ ಖಾಲಿ ಹೊಟ್ಟೆ

ತೀರ್ಥಹಳ್ಳಿ ಕಡೆಯ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ಮಾತ್ರೆ ಕವರಿನ ಮೇಲೆ 1-0-1 ಅಂತ ಬರೆದು, "ಗೊತ್ತಾಯ್ತಾ?" ಅಂತ ಕೇಳಿ ಕಳಿಸುವುದು ನನ್ನ ರೂಢಿಯಾಗಿತ್ತು. ಅದನ್ನು ಬಿಡಿಸಿದ್ದು ಥೈರಾಯ್ಡ್ ಮಾತ್ರೆ ಒಯ್ಯಲು ಬರುತ್ತಿದ್ದ ಒಬ್ಬ ಅಮ್ಮ.

ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ಏರುವ ಅಂಶ) ಇಳಿಯುತ್ತಿರಲಿಲ್ಲ. ಡೋಸ್ ಎರಡು ಸಲ ಏರಿತ್ತು. ಕವರಿನ ಮೇಲೆ ನಾನೇ "ಖಾಲಿ ಹೊಟ್ಟೆಯಲ್ಲಿ ಸೇವಿಸುವುದು" ಅಂತ ಬರೆದಿದ್ದೆ. ಒಂದು ದಿನ, "ಅಮ್ಮ, ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ಮೊದಲಿಂದ ಹೇಳಿ" ಅಂದೆ.

"ಒಲೆ ಹಚ್ಚಿ, ಕಾಫಿ ಜೊತೆ ಮಾತ್ರೆ ನುಂಗಿ ಕೊಟ್ಟಿಗೆಗೆ ಹೋಗ್ತೀನಿ. ತಿಂಡಿ ಆಗೋದು ಒಂಬತ್ತಕ್ಕೆ. ಅಲ್ಲಿವರೆಗೂ ಖಾಲಿ ಹೊಟ್ಟೆನೇ ಅಲ್ವಾ?"

ಕಾಫಿ ಜೊತೆ ನುಂಗಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಆದರೆ ನಮ್ಮ ಕಡೆ ಕಾಫಿಯನ್ನು ಯಾರು ಆಹಾರ ಅಂತ ಲೆಕ್ಕ ಹಾಕುತ್ತಾರೆ? ಅವರು ನಾನು ಹೇಳಿದ ಹಾಗೇ ನಡೆದುಕೊಂಡಿದ್ದರು. ನಾನು ಹೇಳಿದ್ದೇ ಅರ್ಧ. ಬಹಳ ಬೇಜಾರಾಯಿತು. ಮಾತ್ರೆ ಪೂರ್ತಿ ಹಿಡಿಯಲು ಶುರುವಾದರೆ ಏರಿಸಿದ ಡೋಸ್ ಜಾಸ್ತಿಯಾಗಬಹುದು. ಹಾಗಾಗಿ ಮೊದಲು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಡೋಸ್ ಸರಿಮಾಡಿದ ಮೇಲೆ ಹೊಸ ಕವರಿನಲ್ಲಿ ಬರೆದೆ: "ಎದ್ದ ಕೂಡಲೇ ಬರೀ ನೀರಲ್ಲಿ ನುಂಗಿ. ಕೊಟ್ಟಿಗೆ ಕೆಲಸ ಮುಗಿಸಿ ಬಂದು ಕಾಫಿ ಕುಡಿಯಿರಿ." ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಅವರ ಕೊಟ್ಟಿಗೆ ಕೆಲಸಕ್ಕೆ ಅಷ್ಟು ಹೊತ್ತು ಹೇಗೂ ಬೇಕು.

"ಸೇವಿಸುವುದು" ಅನ್ನುವ ಮಾತನ್ನೂ ಆವತ್ತೇ ಬಿಟ್ಟೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನುಂಗಿ, ಚೀಪಿ, ಹಚ್ಚಿ ಅಂತಲೇ ಬರೆಯುತ್ತೇನೆ. ಉಬ್ಬಸಕ್ಕೆ ಕೊಡುವ ಪುಡಿ ಕ್ಯಾಪ್ಸೂಲ್ ನೋಡಲು ಬೇರೆ ಕ್ಯಾಪ್ಸೂಲಿನ ಹಾಗೇ ಇರುತ್ತದೆ. "ತಗೊಳ್ಳಿ" ಅಂದರೆ ಜನ ನುಂಗಿಯೇ ಬಿಡುತ್ತಾರೆ. "ನುಂಗಬೇಡಿ. ಇನ್ಹೇಲರ್ ಮಿಷನ್‌ಗೆ ಹಾಕಿ ಬಾಯಿಂದ ಉಸಿರು ಎಳೆಯಿರಿ" ಅಂತ ಹೇಳಿ, ಎಳೆದು ತೋರಿಸುತ್ತೇನೆ.

ನನಗೆ ಹೆಚ್ಚು ಭಯ ಇರುವುದು ಮೆಥೋಟ್ರೆಕ್ಸೇಟ್ ಬಗ್ಗೆ. ಸಂಧಿವಾತಕ್ಕೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. "ವಾರಕ್ಕೊಮ್ಮೆ" ಅಂತ ಬರೆದರೆ ನನಗೆ ಸಾಲದು. ಡಾಕ್ಟರು ಯಾವ ದಿನ ಹೇಳಿದ್ದಾರೋ ಆ ದಿನದ ಹೆಸರು ಬರೆಯುತ್ತೇನೆ. ಅದು ಅವರೂರಿನ ಸಂತೆ ದಿನವೇ ಆಗಿದ್ದರೆ, "ಸಂತೆ ದಿನ ಮಾತ್ರ. ಬೇರೆ ದಿನ ಮುಟ್ಟಬೇಡಿ."

"ಗೊತ್ತಾಯ್ತಾ?" ಅಂತ ಈಗ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. ಬದಲಿಗೆ, "ನಾನು ಸರಿಯಾಗಿ ಹೇಳಿದ್ನಾ ನೋಡೋಣ, ಮನೆಗೆ ಹೋಗಿ ಹೇಗೆ ಮಾಡ್ತೀರಿ?" ಅನ್ನುತ್ತೇನೆ. ಮೊನ್ನೆ ಮಗುವಿನ ಭೇದಿಗೆ ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಯ್ದ ತಾಯಿ, "ಒಂದು ಲೋಟ ನೀರಿಗೆ ಒಂದು ಚಮಚ ಪುಡಿ" ಅಂದರು. ಒಂದು ಲೀಟರ್ ಖಾಲಿ ಬಾಟಲಿ ತಂದು ಅವರ ಮುಂದೆ ಇಟ್ಟೆ. "ಇದರ ತುಂಬ ಕುದಿಸಿ ಆರಿಸಿದ ನೀರು. ಪ್ಯಾಕೆಟ್ ಪೂರ್ತಿ ಒಂದೇ ಸಲ ಹಾಕಿ. ನಾಳೆ ಈ ಹೊತ್ತಿಗೆ ಉಳಿದಿದ್ದರೆ ಚೆಲ್ಲಿ."

ಅವರು ಆ ಬಾಟಲಿಯನ್ನೇ ಕೇಳಿ ತಗೊಂಡು ಹೋದರು.