ಅಮೆರಿಕದಲ್ಲಿ ಹಿರಿಯರಿಗೆ ನರ್ಸಿಂಗ್ ಹೋಂ ಆರಿಸುವಾಗ: ನಕ್ಷತ್ರಗಳ ಹಿಂದಿನ ವರದಿಯನ್ನು ಓದುವ ಬಗೆ

ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮನೆಗಳಲ್ಲಿ ಈಗ ಎಪ್ಪತ್ತು, ಎಂಬತ್ತು ದಾಟಿದ ತಂದೆತಾಯಂದಿರಿದ್ದಾರೆ. ಪಾರ್ಶ್ವವಾಯು ಬಡಿದೋ, ಸೊಂಟದ ಮೂಳೆ ಮುರಿದೋ ಆಸ್ಪತ್ರೆ ಸೇರಿದವರನ್ನು ಮನೆಯಲ್ಲಿ ನೋಡಿಕೊಳ್ಳಲು ಆಗದು ಎಂದಾದಾಗ, ಆಸ್ಪತ್ರೆಯವರು ಒಂದು ಪಟ್ಟಿ ಕೈಗಿತ್ತು, ಬೇಗನೆ ಒಂದು ನರ್ಸಿಂಗ್ ಹೋಂ ಆರಿಸಿಕೊಳ್ಳಿ ಎನ್ನುತ್ತಾರೆ. ಆ ಅಲ್ಪ ಸಮಯದಲ್ಲಿ ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ) ಜಾಲತಾಣದ ‘ಕೇರ್ ಕಂಪೇರ್’ ಪುಟದಲ್ಲಿ ಜಿಪ್ ಕೋಡ್ ಕೊಟ್ಟರೆ, ಸುತ್ತಮುತ್ತಲಿನ ನರ್ಸಿಂಗ್ ಹೋಂಗಳು ಒಂದರಿಂದ ಐದರವರೆಗಿನ ನಕ್ಷತ್ರಗಳೊಡನೆ ಕಾಣಿಸುತ್ತವೆ. 2008ರಲ್ಲಿ ಆರಂಭವಾದ ಈ ಶ್ರೇಣಿಗೆ ಸರ್ಕಾರಿ ತಪಾಸಣೆ, ಸಿಬ್ಬಂದಿಯ ಪ್ರಮಾಣ ಮತ್ತು ಆರೈಕೆಯ ಗುಣಮಾಪನ ಎಂಬ ಮೂರು ಆಧಾರಗಳಿವೆ. ತಪಾಸಣೆಯಲ್ಲಿ ಬಂದ ನಕ್ಷತ್ರಗಳಿಂದ ಲೆಕ್ಕ ಆರಂಭಿಸಿ, ಉಳಿದ ಎರಡರಲ್ಲಿ ಐದು ಬಂದಿದ್ದರೆ ಒಂದೊಂದನ್ನು ಕೂಡಿಸುತ್ತಾರೆ, ಒಂದೇ ಬಂದಿದ್ದರೆ ಒಂದೊಂದನ್ನು ಕಳೆಯುತ್ತಾರೆ. ಹೀಗಾಗಿ ತಪಾಸಣೆಯಲ್ಲಿ ಮೂರೇ ನಕ್ಷತ್ರ ಪಡೆದ ಸಂಸ್ಥೆಯೂ ಒಟ್ಟಾರೆ ಐದು ನಕ್ಷತ್ರದ್ದಾಗಿ ತೋರಬಹುದು. ಗುಣಮಾಪನದ ಅಂಕಿಗಳಲ್ಲಿ ಬಹುಪಾಲು ಸಂಸ್ಥೆಯವರೇ ದಾಖಲಿಸಿ ಕಳುಹಿಸಿದವು. ಆದ್ದರಿಂದ ಒಟ್ಟು ನಕ್ಷತ್ರವನ್ನು ಬದಿಗಿಟ್ಟು, ತಪಾಸಣೆ ಮತ್ತು ಸಿಬ್ಬಂದಿ ಇವೆರಡನ್ನೇ ಹೋಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಪಾಸಣೆಯ ನಕ್ಷತ್ರವನ್ನು ಆಯಾ ರಾಜ್ಯದೊಳಗಿನ ಹೋಲಿಕೆಯಿಂದ ನಿರ್ಧರಿಸುವುದರಿಂದ, ಅಣ್ಣ ನ್ಯೂಜೆರ್ಸಿಯಲ್ಲೂ ತಂಗಿ ಟೆಕ್ಸಾಸಿನಲ್ಲೂ ಇದ್ದು ಎರಡೂ ಕಡೆ ಹುಡುಕುತ್ತಿದ್ದರೆ, ಅಲ್ಲಿನ ನಾಲ್ಕನ್ನು ಇಲ್ಲಿನ ನಾಲ್ಕಕ್ಕೆ ಸಮವೆಂದು ತಿಳಿಯಬಾರದು.

ತಪಾಸಣಾ ವರದಿಯನ್ನು ಪೂರ್ತಿ ತೆರೆದು ಓದುವುದು ತುಸು ಶ್ರಮದ ಕೆಲಸವಾದರೂ ಅದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ. ಪ್ರತಿ ಲೋಪಕ್ಕೂ ತಪಾಸಕರು ‘ಎ’ಯಿಂದ ‘ಎಲ್’ವರೆಗಿನ ಒಂದು ಅಕ್ಷರವನ್ನು ಕೊಡುತ್ತಾರೆ. ‘ಜಿ’, ‘ಎಚ್’, ‘ಐ’ ಬಂದಿದ್ದರೆ ಯಾರಿಗೋ ನಿಜವಾಗಿಯೂ ಹಾನಿಯಾಗಿದೆ ಎಂದು, ‘ಜೆ’, ‘ಕೆ’, ‘ಎಲ್’ ಬಂದಿದ್ದರೆ ಪ್ರಾಣಾಪಾಯ ಅಥವಾ ಗಂಭೀರ ಹಾನಿಯ ಸ್ಥಿತಿಯಿತ್ತು ಎಂದು ಅರ್ಥ. ಅಕ್ಷರದ ಕೆಳಗಿನ ವಿವರಣೆಯನ್ನೂ ಓದಿ: ಮಗ್ಗುಲು ಬದಲಿಸದೆ ಹಾಸಿಗೆ ಹುಣ್ಣಾಯಿತೇ, ಔಷಧಿ ತಪ್ಪಿತೇ, ಅಥವಾ ಅಡುಗೆಮನೆಯ ಫ್ರಿಜ್ಜಿನ ಉಷ್ಣತೆಯನ್ನು ಬರೆದಿಡಲಿಲ್ಲವೇ ಎಂಬುದರ ನಡುವೆ ಬಹಳ ಅಂತರವಿದೆ. ಒಮ್ಮೆ ಆದ ತಪ್ಪಿಗಿಂತ, ವರ್ಷ ವರ್ಷವೂ ಅದೇ ತಪ್ಪು ಮರುಕಳಿಸಿರುವುದು ಹೆಚ್ಚು ಆತಂಕಕಾರಿ. ಸಂಸ್ಥೆಯ ಹೆಸರಿನ ಪಕ್ಕದಲ್ಲಿ ಕೆಂಪು ವೃತ್ತದೊಳಗೆ ಹಸ್ತದ ಚಿಹ್ನೆ ಇದ್ದರೆ, ಅಲ್ಲಿ ದೌರ್ಜನ್ಯಕ್ಕೆ ಸಂಬಂಧಿಸಿದ ಲೋಪ ಸಾಬೀತಾಗಿದೆ ಎಂದು ತಿಳಿದು ಪಟ್ಟಿಯಿಂದ ತೆಗೆದುಬಿಡಿ.

ಸಿಬ್ಬಂದಿಯ ಅಂಕಿಗಳು ಸಂಬಳದ ದಾಖಲೆಗಳಿಂದ ಬರುವುದರಿಂದ ಅವುಗಳನ್ನು ಹೆಚ್ಚು ನಂಬಬಹುದು. ಒಬ್ಬ ನಿವಾಸಿಗೆ ದಿನಕ್ಕೆ ಒಟ್ಟು ಎಷ್ಟು ಗಂಟೆಯ ಶುಶ್ರೂಷೆ ಸಿಗುತ್ತದೆ, ಅದರಲ್ಲಿ ನೋಂದಾಯಿತ ನರ್ಸುಗಳದ್ದೆಷ್ಟು, ವಾರಾಂತ್ಯದಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆ, ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರು ಎಂಬ ನಾಲ್ಕನ್ನು ಬರೆದಿಟ್ಟುಕೊಳ್ಳಿ. ಕೇಂದ್ರ ಸರ್ಕಾರ 2024ರಲ್ಲಿ ದಿನಕ್ಕೆ 3.48 ಗಂಟೆಯ ಕನಿಷ್ಠ ಮಿತಿಯನ್ನು ಪ್ರಕಟಿಸಿತ್ತು. ಅದು ಜಾರಿಗೆ ಬರಲಿಲ್ಲವಾದರೂ, ಹೋಲಿಕೆಗೆ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಇಷ್ಟಾದ ಮೇಲೆ ಉಳಿಯುವ ಎರಡು ಮೂರು ಕಡೆಗಳಿಗೆ ಖುದ್ದಾಗಿ ಹೋಗಿ. ಮೊದಲ ಸಲ ಅವರು ಹೇಳಿದ ಹೊತ್ತಿಗೆ, ಎರಡನೆಯ ಸಲ ಶನಿವಾರವೋ ಭಾನುವಾರವೋ ರಾತ್ರಿಯೂಟದ ವೇಳೆಗೆ ಹೋಗುವುದು ಒಳ್ಳೆಯದು. ಅಂದಂದಿನ ಪಾಳಿಯಲ್ಲಿ ಎಷ್ಟು ನರ್ಸುಗಳು, ಎಷ್ಟು ಸಹಾಯಕರು ಇದ್ದಾರೆ ಎಂಬ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂಬ ನಿಯಮವಿದೆ. ಅದರ ತಾರೀಖು ನೋಡಿ. ಕೈ ನಡುಗುವ ಅಜ್ಜಿಯೊಬ್ಬರ ಮುಂದೆ ತಟ್ಟೆ ಇಟ್ಟು ಹೋದವರು ಮುಚ್ಚಳ ತೆರೆದುಕೊಟ್ಟರೇ, ಪಕ್ಕದಲ್ಲಿ ಕುಳಿತು ತಿನ್ನಿಸಿದರೇ, ಅಥವಾ ಮುಟ್ಟದ ತಟ್ಟೆಯನ್ನೇ ಹಿಂದಕ್ಕೊಯ್ದರೇ ಎಂಬುದನ್ನು ಸ್ವಲ್ಪ ಹೊತ್ತು ನಿಂತು ಗಮನಿಸಿದರೆ, ಹೊಳೆಯುವ ಸ್ವಾಗತ ಕೊಠಡಿ ತಿಳಿಸದಿದ್ದುದು ತಿಳಿಯುತ್ತದೆ. ಕರೆಗಂಟೆ ಮತ್ತು ನೀರಿನ ಲೋಟ ಹಾಸಿಗೆಯಲ್ಲಿರುವವರ ಕೈಗೆ ಎಟಕುವಂತಿವೆಯೇ ಎಂದೂ ನೋಡಿ.

ನಮ್ಮವರಿಗೆ ಸಂಬಂಧಿಸಿದಂತೆ ಭಾಷೆ ಮತ್ತು ಊಟ ಸಣ್ಣ ವಿಷಯಗಳಲ್ಲ. ಮರೆವಿನ ಕಾಯಿಲೆ ಹೆಚ್ಚಿದಂತೆ ಕಲಿತ ಇಂಗ್ಲಿಷ್ ಜಾರಿಹೋಗಿ ಕನ್ನಡವಷ್ಟೇ ಉಳಿಯುವುದುಂಟು. ನೋವು, ನೀರು, ಬಚ್ಚಲು, ಚಳಿ ಮುಂತಾದ ಹತ್ತಾರು ಮಾತುಗಳ ಉಚ್ಚಾರವನ್ನು ಇಂಗ್ಲಿಷಿನಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಲು ಒಪ್ಪುವರೇ, ದುಭಾಷಿಯನ್ನು ಫೋನಿನಲ್ಲಿ ಕರೆಯುವರೇ ಎಂದು ಕೇಳಿ. ಸಸ್ಯಾಹಾರ ಎಂದಷ್ಟೇ ಹೇಳಿದರೆ ಸಾಲದು. ಸೂಪಿಗೆ ಕೋಳಿಯ ಸಾರು ಬಳಸುತ್ತಾರೆಯೇ, ಮೊಟ್ಟೆ ಹಾಕುತ್ತಾರೆಯೇ ಎಂದು ಆಹಾರತಜ್ಞರನ್ನೇ ಬಿಡಿಸಿ ಕೇಳಬೇಕು, ಮನೆಯಿಂದ ಮೊಸರನ್ನ ತಂದರೆ ಎಲ್ಲಿಡುತ್ತಾರೆ ಎಂಬುದನ್ನೂ ವಿಚಾರಿಸಬೇಕು.

ಹಣದ ವಿಷಯದಲ್ಲಿ, ಆಸ್ಪತ್ರೆಯಿಂದ ಬಂದವರ ಚೇತರಿಕೆಗಾಗಿ ಮೂಲ ಮೆಡಿಕೇರ್ (ಖಾಸಗಿ ಕಂಪನಿಗಳ ಮೂಲಕವಲ್ಲದೆ ಸರ್ಕಾರವೇ ನೇರವಾಗಿ ಕೊಡುವುದು) ಗರಿಷ್ಠ 100 ದಿನಗಳವರೆಗೆ ಮಾತ್ರ ನೆರವಾಗುತ್ತದೆ, ಪೂರ್ತಿ ವೆಚ್ಚ ಕೊಡುವುದು ಮೊದಲ 20 ದಿನಗಳಿಗಷ್ಟೇ. ಸೇರಿಸುವ ದಿನ ಕೊಡುವ ಕಾಗದಗಳ ಕಟ್ಟನ್ನು ಮನೆಗೆ ತಂದು ಓದಿ. ತಂದೆಯ ಬಿಲ್ಲಿಗೆ ಮಗ ಅಥವಾ ಮಗಳು ಸ್ವಂತ ಹಣದಿಂದ ಜವಾಬ್ದಾರರು ಎಂದು ಬರೆಸಿಕೊಂಡರಷ್ಟೇ ಸೇರಿಸಿಕೊಳ್ಳುತ್ತೇವೆ ಎನ್ನಲು ಮೆಡಿಕೇರ್ ಅಥವಾ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ನೆರವು) ಮಾನ್ಯತೆಯ ಸಂಸ್ಥೆಗೆ ಅಧಿಕಾರವಿಲ್ಲ. ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಬಿಟ್ಟುಕೊಡುವ ಮಧ್ಯಸ್ಥಿಕೆ ಒಪ್ಪಂದಕ್ಕೂ ಒತ್ತಾಯಿಸುವಂತಿಲ್ಲ. ಈಗಾಗಲೇ ಸಹಿ ಹಾಕಿದ್ದರೆ 30 ದಿನಗಳೊಳಗೆ ಹಿಂದೆಗೆದುಕೊಳ್ಳಬಹುದು. ಇವುಗಳಲ್ಲಿ ಯಾವುದಕ್ಕಾದರೂ ಒತ್ತಡ ಹೇರಿದರೆ, ಪ್ರತಿ ರಾಜ್ಯದಲ್ಲೂ ಇರುವ ನಿವಾಸಿಗಳ ದೂರುಗಳನ್ನು ವಿಚಾರಿಸುವ ದೀರ್ಘಾವಧಿ ಆರೈಕೆಯ ಓಂಬುಡ್ಸ್‌ಮನ್ ಕಚೇರಿಗೆ ಫೋನ್ ಮಾಡಿ; ಅವರ ಸಲಹೆಗೆ ಶುಲ್ಕವಿಲ್ಲ.